ಹಬ್ರೀಸ್ ಕಡಿದಿಟ್ಟ ಮಂಜುಗಡ್ಡೆ

ಉತ್ತರದ ಚಳಿನಾಡಿನ ಆಮ್ಗಾ ಹೊಳೆಯ ದಂಡೆಯಲ್ಲಿ ನೆಲ ಎಷ್ಟು ಆಳ ಕರಗಿದೆ ಎಂದು ಅಳೆಯುವುದು ನನ್ನ ಕೆಲಸ. ಬೇಸಿಗೆ ಮುಗಿದು ಲಾರ್ಚ್ ಮರಗಳು ಹಳದಿಗೆ ತಿರುಗುವ ಹೊತ್ತಿಗೆ ಕಬ್ಬಿಣದ ಸಲಾಕೆ ಹಿಡಿದು ಹೊರಡುತ್ತೇನೆ. ಒತ್ತಿದರೆ ಅದು ಕರಗಿದ ಮಣ್ಣಿನಲ್ಲಿ ಮೆತ್ತಗೆ ಇಳಿಯುತ್ತದೆ. ಕೆಳಗೆ ಎಂದೂ ಕರಗದ ಹೆಪ್ಪುನೆಲ ಸಿಕ್ಕ ಕೂಡಲೇ ಟಣ್ ಎನ್ನುತ್ತದೆ. ಅಲ್ಲಿಗೆ ಗುರುತು ಹಾಕಿ ಮುಂದಕ್ಕೆ ಹೋಗುವುದು. ಇದಕ್ಕೆ ಯಾಕಮ್ಮ ಅಷ್ಟು ಓದಿದೆ ಎಂದು ಊರವರು ನಗುತ್ತಾರೆ. ನಗಲಿ. ಅವರ ಮನೆಗಳೆಲ್ಲ ನಿಂತಿರುವುದು ಆ ಟಣ್ ಮೇಲೆಯೇ.

ಈ ವರ್ಷ ಎಲ್ಲ ಕಡೆ ಅಳೆದು ಒಂದು ಅಂಗಳವನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದೆ. ಅದು ನನ್ನ ಅತ್ತಿಗೆ ಒಕ್ಸೂಳದ್ದು.

ಅವಳ ಅಂಗಳದಲ್ಲಿ ಹೆಪ್ಪುನೆಲದೊಳಗೆ ತೋಡಿದ ಹಗೇವು ಇದೆ. ನಾವು ಮಾಂಸ, ಮೀನು ಇಡುವುದು ಹಗೇವಿನಲ್ಲೇ, ಕುಡಿಯುವ ನೀರು ಇಡುವುದೂ ಅಲ್ಲೇ. ಚಳಿಗಾಲದ ಆರಂಭದಲ್ಲಿ ಹೊಳೆ ಹೆಪ್ಪುಗಟ್ಟಿದಾಗ ಗಂಡಸರು ಮಂಜನ್ನು ಗಡ್ಡೆಗಡ್ಡೆಯಾಗಿ ಕಡಿದು ತಂದು ಇಳಿಸುತ್ತಾರೆ. ಬೇಸಿಗೆಯಲ್ಲಿ ಅದನ್ನು ಚೂರು ಚೂರೇ ಕರಗಿಸಿ ಚಹಾ ಮಾಡುತ್ತೇವೆ. ಆ ಚಹಾ ಕುಡಿದ ನಾಲಿಗೆಗೆ ಬೇರೆ ನೀರು ಒಗ್ಗುವುದಿಲ್ಲ.

ಹಲವು ವರ್ಷಗಳ ಹಿಂದೆ ನನ್ನ ಅಣ್ಣ ಹಬ್ರೀಸ್ ತನ್ನ ಕೊನೆಯ ಚಳಿಗಾಲದಲ್ಲೂ ಹಾಗೆಯೇ ಕಡಿದು ತಂದ. ಎಲ್ಲಕ್ಕಿಂತ ತಿಳಿಯಾಗಿದ್ದ ಒಂದು ಗಡ್ಡೆಯನ್ನು ಮೂಲೆಗಿಟ್ಟು, "ಇದನ್ನ ಮುಟ್ಬೇಡ ಒಕ್ಸೂ, ನಾನು ಬೇಟೆಯಿಂದ ಬಂದ್ಮೇಲೆ ಇಬ್ರೂ ಚಹಾ ಮಾಡ್ಕೊಂಡು ಕುಡಿಯೋಣ" ಅಂದ. ಮಾರನೆಯ ದಿನ ಹೊಳೆಯ ಮೇಲೆ ಮಂಜುಬಂಡಿ ಓಡಿಸಿಕೊಂಡು ಹೋದ. ಬಂಡಿಯ ಜಾಡು ನಡುಹೊಳೆಯವರೆಗೆ ಇತ್ತು, ಆಚೆ ಇರಲಿಲ್ಲ. ಮಂಜು ಒಡೆಯುವ ಕಾಲದಲ್ಲಿ ಊರೆಲ್ಲ ದಂಡೆ ಹಿಡಿದು ಹುಡುಕಿತು. ಅವನ ಟೊಪ್ಪಿಗೆ ಕೂಡ ಸಿಗಲಿಲ್ಲ.

ಹೆಣ ಸಿಗದ ಮೇಲೆ ಒಕ್ಸೂ ಬೀಳ್ಕೊಡುಗೆಯ ಊಟ ಹಾಕಲು ಒಪ್ಪಲಿಲ್ಲ. "ಬರೋನಿಗೆ ಯಾಕೆ ತಿಥಿ?" ಅಂದುಬಿಟ್ಟಳು. ಆ ಗಡ್ಡೆಯನ್ನು ಹುಲ್ಲಿನಲ್ಲಿ, ಕುದುರೆ ಚರ್ಮದಲ್ಲಿ ಸುತ್ತಿ ಹಗೇವಿನಲ್ಲೇ ಇಟ್ಟಳು. ಬೇರೆ ಗಂಡು ನೋಡು ಎಂದು ಹೇಳಿದವರಲ್ಲಿ ನಾನೂ ಒಬ್ಬಳು. ಸತ್ಯ ಹೇಳುತ್ತೇನೆ, ಅವಳ ಕಾಯುವಿಕೆ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಹೋದವನು ನನ್ನ ಅಣ್ಣ. ನಾನು ಅತ್ತು ಮುಗಿಸಿರಲಿಲ್ಲವೇ?

ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವಳು ಶುರು ಮಾಡಿದಳು.

"ಬಂದ್ಯಾ ಬಾರ್ಬಾ? ಭೂಮಿತಾಯಿ ಹೊಟ್ಟೆಗೆ ಸೂಜಿ ಚುಚ್ಚೋ ಡಾಕ್ಟ್ರಮ್ಮ! ಮೊದ್ಲು ಅವಳಿಗೆ ಏನಾದ್ರೂ ಕೊಡೇ."

"ನೀನೇ ಕೊಡು ಅತ್ತಿಗೆ. ನನ್ ಕೈಯಿಂದ ಕೊಟ್ರೆ ಅವಳು ಮುಖ ತಿರುಗಿಸ್ತಾಳೆ."

"ತಿರುಗಿಸ್ದೇ ಇರ್ತಾಳಾ, ಈ ಬಾಯಿಗೆ!" ಎನ್ನುತ್ತ ಬೆಣ್ಣೆ ಸವರಿದ ರೊಟ್ಟಿಯ ಚೂರನ್ನು ಮಣ್ಣಿನ ಮೇಲಿಟ್ಟಳು. ಆಮೇಲೆ ದನಿ ಇಳಿಸಿ, "ಸರಿಯಾಗಿ ಅಳಿ. ನನಗೋಸ್ಕರ ಹೆಚ್ಚುಕಮ್ಮಿ ಮಾಡ್ಬೇಡ" ಅಂದಳು.

ಹಗೇವಿನ ಬಾಗಿಲ ಪಕ್ಕದಲ್ಲಿ ಸಲಾಕೆ ಒತ್ತಿದೆ. ಮುಂಚೆ ಇಲ್ಲಿ ಮೊಣಕಾಲೆತ್ತರ ಇಳಿಯುವುದರೊಳಗೆ ಟಣ್ ಎನ್ನುತ್ತಿತ್ತು. ಈಗ ಇಳಿಯಿತು, ಇನ್ನೂ ಇಳಿಯಿತು. ಮೈಭಾರವನ್ನೆಲ್ಲ ಹಾಕಿದೆ. ಸಲಾಕೆ ಹಿಡಿದ ನನ್ನ ಕೈ ಹುಲ್ಲಿಗೆ ತಾಗಿತು, ಸದ್ದು ಬರಲಿಲ್ಲ. ನಾಲ್ಕೂ ಮಗ್ಗುಲಲ್ಲಿ ಒತ್ತಿ ನೋಡಿದೆ. ಎಲ್ಲೂ ಬರಲಿಲ್ಲ.

ಅವಳು ಕೇಳಿಸಿಕೊಳ್ಳುತ್ತ ನಿಂತಿದ್ದಳು. "ಇನ್ನೊಂದು ಬೇಸಿಗೆ ತಡ್ಕೊಳ್ಳುತ್ತಾ?"

"ಇಲ್ಲ ಅತ್ತಿಗೆ. ಗೋಡೆ ಕುಸಿಯುತ್ತೆ. ಇನ್ಮೇಲೆ ಒಳಗೆ ಇಳೀಬೇಡ."

ಬೇಲಿಯಾಚೆಯಿಂದ ನೆರೆಯ ನ್ಯುಕುಲಾಯ್ ಎಲ್ಲವನ್ನೂ ಕೇಳುತ್ತಿದ್ದ. ಅವನ ಹಗೇವು ಹೋದ ವರ್ಷವೇ ಬಿದ್ದಿತ್ತು. "ಆ ಗಡ್ಡೇನ ನನ್ ಫ್ರೀಜರಲ್ಲಿ ಇಡಿ ಒಕ್ಸೂ! ಕುದುರೆ ಪಕ್ಕೆಲುಬು ಸರಿಸಿ ಜಾಗ ಮಾಡ್ತೀನಿ" ಎಂದು ಕೂಗಿದ.

"ಪಕ್ಕೆಲುಬಿನ ಪಕ್ಕ ಮಲಗ್ಸೋಕೆ ಅದೇನು ಸಂತೇಲಿ ತಂದಿದ್ದಾ?" ಅಂದಳು ಒಕ್ಸೂ. "ವಾರಕ್ಕೊಂದ್ಸಲ ಕರೆಂಟು ಹೋಗುತ್ತೆ, ಜಾಗ ಮಾಡ್ತಾನಂತೆ, ಜಾಗ!" ನ್ಯುಕುಲಾಯ್ ತಲೆ ಕೆರೆದುಕೊಂಡು ಒಳಗೆ ಹೋದ.

ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಇವಳ ಹಟ ಇಲ್ಲಿಗೆ ಮುಗಿಯಿತು, ಇನ್ನಾದರೂ ಬದುಕು ನೋಡಿಕೊಳ್ಳಲಿ ಅಂದುಕೊಂಡೆ. ಅವಳು ನನ್ನ ಮಾತು ಕೇಳದೆ ಹಗೇವಿಗೆ ಇಳಿದಳು. ಕೆಳಗೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಗಂಟನ್ನು ಮಗುವಿನಂತೆ ಎದೆಗವಚಿಕೊಂಡು ಮೇಲೆ ಬಂದಳು. ಎತ್ತಲು ಇಬ್ಬರು ಬೇಕಾಗಿದ್ದ ಗಡ್ಡೆ ಈಗ ಒಂದು ಕುಂಬಳಕಾಯಿಯಷ್ಟಾಗಿತ್ತು. ಅದರ ಒಂದು ಬದಿಗೆ ಅಣ್ಣನ ಕೈಗವಸಿನ ರೋಮ ಅಂಟಿಕೊಂಡೇ ಇತ್ತು.

ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು ಅದರೊಳಗೆ ಗಡ್ಡೆಯನ್ನು ಇಳಿಸಿದಳು. ಅದು ಚಟಚಟ ಎಂದಿತು. ನಾವಿಬ್ಬರೂ ನೋಡುತ್ತ ಕೂತೆವು. ನೀರಾದ ಮೇಲೆ ರೋಮವನ್ನು ಬೆರಳಿನಿಂದ ಆಯ್ದು ಅಂಗಿಯಂಚಿಗೆ ಒರೆಸಿದಳು, ಚಹಾ ಹಾಕಿದಳು, ಹಾಲು ಬೆರೆಸಿದಳು. ಮೊದಲ ಚಮಚ ಒಲೆಯ ಬೆಂಕಿಗೆ.

"ತಗೋ ಹಬ್ರೀಸ್," ಅಂದಳು. "ನೀನಾಗಿ ಬರ್ತೀಯ ಅಂತ ನೋಡ್ದೆ. ನೆಲಾನೂ ಎಷ್ಟು ದಿನ ತಾನೇ ಕಾಯುತ್ತೆ? ಹೋಗ್ಬಾ."

ಅವಳ ದನಿ ನಡುಗಲಿಲ್ಲ. ಬಟ್ಟಲಿಗೆ ಬಗ್ಗಿಸಿ ನನ್ನ ಮುಂದೆ ಹಿಡಿದಳು. ನಾನು ಕೈ ಹಿಂದೆ ತೆಗೆದುಕೊಂಡೆ.

"ಬೇಡ ಅತ್ತಿಗೆ. ಗುಡ್ಡದ ಮೇಲೆ ನೆಲ ಗಟ್ಟಿಯಿದೆ. ನಾನೇ ಅಳ್ದಿದೀನಿ, ಟಣ್ ಅನ್ನುತ್ತೆ. ಅಲ್ಲಿ ಹೊಸ ಹಗೇವು ತೋಡೋಣ. ನಾನೇ ತೋಡ್ತೀನಿ. ಇದನ್ನ ಅಲ್ಲಿ..."

"ಏನಿಡ್ತೀಯೇ ಅಲ್ಲಿ?" ಅಂದಳು ಮೆಲ್ಲಗೆ. "ಚಹಾ ಆಯ್ತಲ್ಲ ಬಾರ್ಬಾ."

ಬಟ್ಟಲನ್ನು ತೆಗೆದುಕೊಂಡೆ. ಊರಿಗೆಲ್ಲ ಬುದ್ಧಿ ಹೇಳುವ ನಾನು ಎಳೆ ಮಗುವಿನ ಹಾಗೆ ಬಿಕ್ಕಿದೆ. ಒಕ್ಸೂ ಎದ್ದು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

"ಕುಡಿ. ಆರಿಹೋಗುತ್ತೆ," ಅಂದಳು.

ಕುಡಿದೆ. ಎಂದಿನ ಹೊಳೆ ನೀರಿನ ಚಹಾ, ಬೇರೆ ರುಚಿ ಏನೂ ಇರಲಿಲ್ಲ. ಕುಡಿಯುತ್ತ ಬಾಗಿಲ ಕಡೆ ನೋಡಿದೆ. ಇಷ್ಟು ವರ್ಷ ಅಣ್ಣನಿಗಾಗಿ ಅವಳು ನೋಡುತ್ತಿದ್ದಳಲ್ಲ, ಅದಕ್ಕೇ ನಾನು ಆ ಬಾಗಿಲನ್ನು ನೋಡಿರಲಿಲ್ಲ.