ಅಕ್ಕನ ಎರಡು ಬೆರಳು

"ಏ, ಪುರಾಣ ಬೇಡ! ಹುಟ್ಟಿದ್ದು ಬೆಳೆದಿದ್ದು ಯಾರು ಕೇಳಿದ್ರು ನಿನ್ನ? ಕೆಲಸದ ಕಥೆ ಹೇಳು. ಚುಟುಕಾಗಿ."

ಸಾಹೇಬರು ಮೂಗಿಗೆ ಹಿಡಿದ ಕರವಸ್ತ್ರ ತೆಗೆಯಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಿಂದ ನೇರ ಬಂದವಳ ಮೈಯಲ್ಲಿ ಬ್ಲೀಚಿಂಗ್ ಪೌಡರಿನ ಘಾಟು. ಕುರ್ಚಿ ಖಾಲಿಯಿತ್ತು, ಕೂರು ಎಂದು ಯಾರೂ ಅನ್ನಲಿಲ್ಲ. ಗುಬ್ಬಿ ನಿಂತೇ ಇದ್ದಳು. ಪೀಚು ಮೈಯವಳೆಂದು ಜೊತೆಯ ಹೆಂಗಸರು ಇಟ್ಟ ಹೆಸರು ಅದು.

ಸಾಹೇಬರ ಪಕ್ಕದಲ್ಲಿದ್ದ ಸೂಪರ್‌ವೈಸರ್ ಕಣ್ಣಲ್ಲೇ ಗದರಿಸಿದ. ಹಿಂದಿನ ದಿನವೇ ಪಾಠ ಹೇಳಿಕೊಟ್ಟಿದ್ದ: "ಬಂದೆ, ಕಲಿತೆ, ಮಾಡ್ತಿದ್ದೀನಿ, ಇನ್ಮುಂದೂ ಮಾಡ್ತೀನಿ. ಇಷ್ಟೇ ನಿನ್ನ ಕಥೆ. ಮೂಗಿಗಿಂತ ಮೂಗುತಿ ಭಾರ ಆಗಬಾರದು." ಕಾಯಂ ಕೆಲಸ ಇದ್ದದ್ದು ಒಂದೇ. ಕೇಳುವವರು ಇಬ್ಬರು: ಗುಬ್ಬಿ, ಮತ್ತೆ ಅವಳ ಓರಗಿತ್ತಿ. ಓರಗಿತ್ತಿಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಆ ಅಕ್ಕ ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದಳು.

"ಮದುವೆಯಾದ ವರ್ಷ ಸೇರ್ಕೊಂಡೆ ಸಾರ್. ಅಕ್ಕನ ಹತ್ರ..."

"ಅಕ್ಕ, ಅತ್ತೆ, ಭಾವ ಎಲ್ಲ ಬಿಡು. ನೀನೇನ್ ಮಾಡ್ದೆ?"

ಗುಬ್ಬಿ ಅಕ್ಕನನ್ನು ಬಿಟ್ಟಳು. ರಕ್ತದ ಕಲೆಗೆ ತಣ್ಣೀರೇ ಹಾಕಬೇಕೆಂದು ಕಲಿಸಿದವಳು, ಇವಳು ಬಸುರಿಯಾಗಿದ್ದಾಗ ಇವಳ ಪಾಲಿನ ಒದ್ದೆ ಬೆಡ್‌ಶೀಟುಗಳನ್ನೂ ತಾನೇ ಎತ್ತಿದವಳು. ಅವಳನ್ನು ಬಿಟ್ಟು ಹೇಳಿದ್ದೇ ಕಥೆ ನಿಜಕ್ಕೂ ಚಿಕ್ಕದಾಯಿತು.

"ಬಂದೆ. ಒಗೆಯೋದು ಕಲಿತೆ. ಈಗ ಇಸ್ತ್ರಿ ರೋಲರ್ ನೋಡ್ಕೋತಿದ್ದೀನಿ. ಮುಂದಕ್ಕೂ ನೋಡ್ಕೋತೀನಿ ಸಾರ್."

"ಭೇಷ್. ಆ ರೋಲರಿಗೆ ಒಬ್ಬಳು ಕೈ ಕೊಟ್ಟಳಲ್ಲ, ಕೈ ಹೋಯ್ತು, ಕಾಯಂ ಮಾಡಿ ಅಂತ ಈಗ ಕೂತಿದಾಳೆ. ನೀನು ಎದುರಿಗೇ ಇದ್ದೆಯಂತೆ. ತಪ್ಪು ಯಾರದು?"

ಕೈ ಅಕ್ಕನದು. ಬೆರಳು ಒಳಗೆ ಹೋಗದಂತೆ ರೋಲರಿನ ಬಾಯಿಗೆ ಅಡ್ಡ ಒಂದು ಕಬ್ಬಿಣದ ಪಟ್ಟಿ ಇರುತ್ತಿತ್ತು. ಬೆಡ್‌ಶೀಟು ಸಿಕ್ಕಿಕೊಂಡು ಕೆಲಸ ನಿಧಾನವಾಗುತ್ತದೆಂದು ಸೂಪರ್‌ವೈಸರನೇ ಅದನ್ನು ಬಿಚ್ಚಿಸಿದ್ದ. ಬಿಚ್ಚಬೇಡಿ ಎಂದ ಅಕ್ಕನಿಗೆ, "ನಿಮ್ಮಪ್ಪನ ಮನೆ ಮಿಷನ್ನೇನೇ ಮುಂಡೆ?" ಎಂದಿದ್ದ. ಆ ವಾರವೇ ಅಕ್ಕನ ಎರಡು ಬೆರಳು ಬಟ್ಟೆಯ ಜೊತೆ ಒಳಗೆ ಹೋದವು.

ಕಾಯಂ ಆದವರಿಗೆ ಆಸ್ಪತ್ರೆಯ ಹಿಂದೆ ಕಿಟಕಿ ಇರುವ ಮನೆ ಕೊಡುತ್ತಾರೆ. ಗುಬ್ಬಿಯ ಮಗಳಿಗೆ ದಮ್ಮು.

"ಅಜಾಗ್ರತೆ ಸಾರ್," ಎಂದಳು. ಅದೂ ಸೂಪರ್‌ವೈಸರ್ ಹೇಳಿಕೊಟ್ಟದ್ದೇ. "ಅವಳದೇ."

ಹೊರಗೆ ಬಂದಾಗ ಅಕ್ಕ ಎದ್ದು ನಿಂತಳು.

"ಏನ್ ಕೇಳಿದ್ರೇ? ಮುಖ ಯಾಕೆ ಸುಟ್ಟ ಬದನೇಕಾಯಿ ಆಗಿದೆ?"

"ಏನಿಲ್ಲ."

ಅಕ್ಕ ಮೊಂಡುಗೈಯಲ್ಲೇ ಅವಳ ಹಣೆಯ ಮೇಲಿನ ಕೂದಲು ಸರಿಸಿದಳು. "ನಂಗಂತೂ ಕೊಡಲ್ಲ ಬಿಡು. ನಿಂಗೆ ಸಿಕ್ಕಿದ್ರೆ ಮಗು ಒಂಚೂರು ಗಾಳಿ ಬೆಳಕು ಕಾಣುತ್ತೆ."

ಗುಬ್ಬಿ ನೆಲ ನೋಡಿದಳು. ನೆಲ ಬಾಯಿ ಬಿಡಲಿಲ್ಲ.

ಅಕ್ಕ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಾಹೇಬರ ದನಿ ಸ್ಪಷ್ಟವಾಗಿ ಕೇಳಿಸಿತು: "ಅಜಾಗ್ರತೆ ನಿಂದೇ ಅಂತ ನಿನ್ನ ಓರಗಿತ್ತೀನೇ ಹೇಳಿ ಹೋದ್ಲು. ಏನಂತೀಯ?"

ಗುಬ್ಬಿ ಬಾಗಿಲ ಹತ್ತಿರ ಸರಿದಳು.

"ಅವಳು ಹಂಗಂದ್ಲಾ?" ಅಕ್ಕನ ದನಿ. ಆಮೇಲೆ, ಮೆಲ್ಲಗೆ: "ಅವಳು ಹೇಳಿದ್ಮೇಲೆ ಹಂಗೇ ಇರ್ಬೇಕು ಬಿಡಿ ಸಾರ್. ತಪ್ಪು ನಂದೇ. ಅವಳು ಸುಳ್ಳು ಹೇಳೋಳಲ್ಲ."

ಬೈದಿದ್ದರೆ ಗುಬ್ಬಿ ತಡೆದುಕೊಳ್ಳುತ್ತಿದ್ದಳೇನೋ. ಜವಾನ ಅಡ್ಡ ಬರುವ ಮೊದಲೇ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ನಾನು ಹೇಳಿದ್ದು ಸುಳ್ಳು ಸಾರ್! ರೋಲರಿನ ಪಟ್ಟಿ ಬಿಚ್ಚಿಸಿದ್ದು ಇವನು. ಸುಳ್ಳು ಹೇಳಿಕೊಟ್ಟಿದ್ದೂ ಇವನೇ, ಈ ಬೋಳಿಮಗ!"

"ಮುಚ್ಚೇ ಬಾಯಿ!"

ಕೂಗಿದ್ದು ಸೂಪರ್‌ವೈಸರ್ ಅಲ್ಲ, ಅಕ್ಕ. ಗುಬ್ಬಿಯ ಬೆನ್ನಿಗೊಂದು ಗುದ್ದೂ ಬಿತ್ತು. "ಮಗುವಿನ ಅನ್ನಕ್ಕೆ ಮಣ್ಣು ಹಾಕ್ತಿದ್ದೀಯಲ್ಲೇ ಹಾಳಾದವಳೇ!"

ಸೂಪರ್‌ವೈಸರ್ ನಕ್ಕ. "ಆ ಮಿಷನ್ನಿಗೆ ಪಟ್ಟಿ ಗಿಟ್ಟಿ ಏನೂ ಇರ್ಲೇ ಇಲ್ಲ ಸಾರ್. ಇವಳಿಗೆ ತಲೆ ಕೆಟ್ಟಿದೆ."

"ಎರಡನ್ನೂ ಆಚೆ ಹಾಕು," ಎಂದರು ಸಾಹೇಬರು. "ನಾಳೆಯಿಂದ ಕೂಲಿಗೂ ಬರೋದು ಬೇಡ."

ಉದ್ದನೆಯ ಓಣಿಯಲ್ಲಿ ಅಕ್ಕ ಮುಂದೆ, ಗುಬ್ಬಿ ಹಿಂದೆ.

"ಅಕ್ಕಾ, ಬೈದುಬಿಡು. ಇನ್ನೆರಡು ಹೊಡಿ ಬೇಕಾದ್ರೆ."

ಅಕ್ಕ ತಿರುಗಲಿಲ್ಲ. ಓಣಿ ಮುಗಿದಲ್ಲಿ ಎಡಕ್ಕೆ ಗೇಟು, ಬಲಕ್ಕೆ ಬಟ್ಟೆ ಒಗೆಯುವ ಮನೆ. ಅಕ್ಕ ಬಲಕ್ಕೆ ಹೊರಳಿದಳು. ಹಬೆಯೊಳಗೆ ಹೆಂಗಸರು ತಲೆ ಎತ್ತಿ ನೋಡಿದರು. ಅವಳು ಸೋಪಿನ ಡ್ರಮ್ಮುಗಳನ್ನು ಕಾಲಲ್ಲಿ ಒದ್ದು ಸರಿಸಿ, ಗೋಡೆ ಸಂದಿಗೆ ಕೈಹಾಕಿ, ತುಕ್ಕು ಹಿಡಿದ ಆಳುದ್ದದ ಕಬ್ಬಿಣದ ಪಟ್ಟಿಯೊಂದನ್ನು ಸರ್ರನೆ ಎಳೆದಳು.

"ಪಟ್ಟಿ ಇರ್ಲೇ ಇಲ್ವಂತೆ," ಎಂದಳು, ಯಾರಿಗೋ ಎಂಬಂತೆ. ಆಮೇಲೆ ಗುಬ್ಬಿಯ ಮುಖ ನೋಡದೆಯೇ, "ಆ ತುದಿ ಹಿಡಿ," ಎಂದಳು.

ಗುಬ್ಬಿ ಹಿಡಿದಳು. ಯಾರೋ ರೋಲರಿನ ಸ್ವಿಚ್ಚು ಆರಿಸಿದರು. ಹೆಂಗಸರು ಒದ್ದೆ ಕೈಗಳಲ್ಲೇ ಒಬ್ಬೊಬ್ಬರಾಗಿ ಅವರ ಹಿಂದೆ ಓಣಿಗೆ ಬಂದರು.

ಸಾಹೇಬರ ಕೋಣೆಯ ಮುಂದೆ ಜವಾನ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಅಕ್ಕ ನಡಿಗೆ ನಿಧಾನ ಮಾಡಲಿಲ್ಲ. ಗುಬ್ಬಿಯ ಅಂಗೈಗೆ ತುಕ್ಕು ಕೊರೆಯುತ್ತಿತ್ತು. ಅಕ್ಕ ಇನ್ನು ಜೀವಮಾನದಲ್ಲಿ ತನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ಅವಳಿಗೆ ತಿಳಿಯದು. ಕಬ್ಬಿಣಕ್ಕೆ ಬಿಗಿದುಕೊಂಡಿದ್ದ ಆ ಮೂರು ಬೆರಳುಗಳ ಮೇಲೇ ಕಣ್ಣು ನೆಟ್ಟು ಹಿಂದಿನಿಂದ ನಡೆದಳು.