ಆರಾಮ ಇಲ್ಲ ಅನ್ನಬಾರದ ಮನಿ

ಕೇಳ್ರಿ, ರಾಣೆಬೆನ್ನೂರಾಗ ನಮ್ಮ ಓಣಿಯೊಳಗ ಎಲ್ಲಾರಕಿಂತ ಮೊದಲ ದೀಪ ಹತ್ತೂದು ರಘೋತ್ತಮರಾಯರ ಮನ್ಯಾಗ. ಅವರದು ಬೀಜದ ಅಂಗಡಿ. ನಾನು ಅವರ ಎದುರು ಮನಿ ಮಾಲತೇಶಪ್ಪ, ಬಸ್ ಓಡಿಸಿ ರಿಟೈರ್ ಆದಾಂವ. ಮುಂಜಾನೆ ಕಟ್ಟಿ ಮ್ಯಾಲ ಚಾ ಕುಡಕೋತ ಕುಂತರ ಆ ಮನಿ ಒಗ್ಗರಣಿ ವಾಸನಿ ನನ್ನ ಮೂಗಿಗೇ ಬರತಿತ್ತು. ರಾಯರ ತಾಯಿ ಅನಸೂಯಾಬಾಯಿ ತುಳಸಿಗೆ ನೀರ ಹಾಕಕೋತ ಸೊಸಿ ದೀಪಾಲಿಗೆ ಗೊಣಗೂದು, ಮೊಮ್ಮಗಳು ಧನಶ್ರೀ ಪಿಯುಸಿ ಪುಸ್ತಕ ಹಿಡಕೊಂಡು ಮಾಳಿಗಿ ಮ್ಯಾಲ ಅಡ್ಡಾಡಕೋತ ಓದೂದು, ಎಲ್ಲಾ ಕೇಳತಿತ್ತು. ಚೊಲೋ ಮನಿ ಅದು. ಸುಳ್ಳ ಯಾಕ ಹೇಳಲಿ.

ಹೋದ ವರ್ಷ ಆ ಮನಿಗೆ ರೋಗ ಹೊಕ್ಕಿತು. ಮಗಳ ರೋಗ ಆಮ್ಯಾಲ ಹೇಳತೇನಿ. ಮೊದಲ ಬಡದದ್ದು ಅಪ್ಪಗ.

ಹಾವೇರಿಯೊಳಗ ಒಂದು ಕಲ್ಯಾಣ ಮಂಟಪ ಹಿಡದು ಋಷಿಕೇಶ ಅನ್ನಾಂವ ಶಿಬಿರ ನಡಸತಾನ. ಜೀವನದಾಗ ಹೆಂಗ ಮ್ಯಾಲ ಬರಬೇಕು, ಮನಸ್ಸು ಹೆಂಗ ಗಟ್ಟಿ ಮಾಡಬೇಕು ಅಂತ ಕಲಸತಾನಂತ. ಕೋಟು ಹಾಕ್ಕೊಂಡು, ಕಿವಿಗೆ ಮೈಕ್ ಸಿಗಿಸಿಕೊಂಡು, ಸ್ಟೇಜಿನ ಮ್ಯಾಲ ಆ ಕಡಿಂದ ಈ ಕಡಿಗೆ ಓಡ್ಯಾಡತಾನ. ಅಂಗಡಿ ವ್ಯಾಪಾರ ಸ್ವಲ್ಪ ಮಂದ ಇತ್ತಂತ ರಾಯರು ಹೋದರು. ತಿರಗಿ ಬಂದವರು ಬ್ಯಾರೇ ಮನಷ್ಯಾ ಆಗಿದ್ದರು. ಕಡೇ ದಿನ ಕೆಂಡ ತುಳಸಿದ್ದನಂತ. ನನ್ನ ಕಟ್ಟಿಗೆ ಬಂದು ಅಂಗಾಲು ತೋರಿಸಿ, "ನೋಡ್ರಿ ಕಾಕಾ, ಒಂದು ಬೊಬ್ಬಿ ಇಲ್ಲ. ಇನ್ನ ನನ್ನ ಯಾರೂ ತಡೀಲಿಕ್ಕೆ ಆಗೂದಿಲ್ಲ" ಅಂದರು.

ನಾ ಅಂದೆ, "ರಾಯರ, ನಮ್ಮ ಓಣಿ ಗದಿಗೆವ್ವ ಸಣ್ಣಾಕಿ ಇದ್ದಾಗಿಂದ ಮೊಹರಂದಾಗ ಕೆಂಡ ಹಾಯತಾಳ, ಪುಕ್ಕಟ. ಇನ್ನೂ ಬಾಡಗಿ ಮನ್ಯಾಗನ ಅದಾಳ."

ನಗಲಿಲ್ಲ. ನೆಗೆಟಿವ್ ಮಾತಾಡಬ್ಯಾಡ್ರಿ ಅಂತ ಹೇಳಿ ಎದ್ದು ಹೋದರು.

ಈಗ ನೀವು, ಈ ಮುದುಕಗ ಯಾರೂ ಮುಂದ ಬರೂದು ಬ್ಯಾಡಾಗೈತಿ ಅನಬ್ಯಾಡ್ರಿ. ಲಗೂ ಏಳೂದು ಚೊಲೋ. ಹೊಸಾದು ಕಲಿಯೂದು ಚೊಲೋ. ನಾನು ರಿಟೈರ್ ಆದ ಮ್ಯಾಲ ಐರಣಿ ಹೊಳ್ಯಾಗ ಈಜು ಕಲತೇನಿ, ಹುಡುಗರು ನಕ್ಕರೂ ಬಿಡಲಿಲ್ಲ. ಆದರ ಹೊಳಿ ನಿನ್ನ ಮನಸ್ಸಿನ್ಯಾಗ ಧೈರ್ಯ ಐತೇನು ಅಂತ ಕೇಳೂದಿಲ್ಲರಿ. ಕೈಕಾಲು ಬಡೀತಿಯೇನು ಅಂತಷ್ಟ ನೋಡತೈತಿ. ನೀರು ಎಲ್ಲಿ ಆಳ ಐತಿ ಅಂತ ಮೊದಲ ಕೇಳಿ ಇಳದಾಂವ ಬದುಕತಾನ. ಇಲ್ಲಿ ಆಳಾನ ಇಲ್ಲ, ಇಲ್ಲ, ಅಂತ ಬಾಯಿಲೆ ಹೇಳಕೋತ ಇಳದಾಂವ ಮುಣಗತಾನ.

ಆ ಮನ್ಯಾಗ ಆದದ್ದು ಅದ. ರಾಯರು ಎಲ್ಲಾರ ಮುಂಗೈಗೂ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿದರು. ಯಾರರ ಬಾಯಾಗ "ಆಗೂದಿಲ್ಲ", "ನೋಯಾಕತ್ತೈತಿ", "ಆರಾಮ ಇಲ್ಲ" ಅಂತ ಬಂತೋ, ಅವರು ಅದನ್ನ ಜಗ್ಗಿ ಚಟ್ಟಂತ ಹೊಡಕೋಬೇಕು. ಮುಂಜಾನೆ ಜಳಕ ಆದ ಮ್ಯಾಲ ಪಡಸಾಲಿ ಕನ್ನಡಿ ಮುಂದ ಸಾಲಾಗಿ ನಿಂತು, "ನಾ ಗೆದ್ದೀನಿ, ನಾ ಆರಾಮ ಇದ್ದೀನಿ" ಅಂತ ಒದರಬೇಕು. ನಾವು ನೀವು ಅಂದದ್ದನ್ನ ಈ ಇಡೀ ವಿಶ್ವ ಕೇಳಿಸಿಕೋತದಂತ. ಅಂದದ್ದನ್ನ ಕೊಡತದಂತ.

ಮುದುಕಿ ಬೈದು ನಿಲ್ಲಸತಾಳ ಅಂತ ತಿಳಕೊಂಡಿದ್ದೆ. ಇಲ್ಲ. ಅನಸೂಯಾಬಾಯಿಗೆ ಇದು ಹಳೇ ಪರಿಚಯದ ಮಾತಾಗಿತ್ತು. ಮನ್ಯಾಗ ಅಸ್ತು ದೇವತಿಗಳು ತಿರಗಾಡತಾವ, ಕೆಟ್ಟದ್ದು ಅಂದರ ತಥಾಸ್ತು ಅಂತಾವ, ಹಂಗ ಆಗಿಬಿಡತದ, ಅಂತ ಆಕಿ ಹುಟ್ಟಿದಾಗಿಂದ ಕೇಳಿದಾಕಿ. ರೋಗದ ಹೆಸರು ಹೊಸ್ತಿಲದೊಳಗ ತಗೀಬಾರದು ಅಂತ ಆಕಿ ಅತ್ತಿ ಆಕಿಗೆ ಕಲಿಸಿದ್ದಳು. "ನಮ್ಮ ಹಿರೇರು ಹೇಳಿದ್ದನ್ನ ಈಗ ಕೋಟ ಹಾಕ್ಕೊಂಡವರು ಹೇಳಲಿಕತ್ತಾರ, ನೋಡು" ಅಂತ ಮಗನ ಬೆನ್ನಿಗೆ ನಿಂತಳು. ಹಳೇ ಮೂಢನಂಬಿಕಿಗೂ ಹೊಸಾದಕ್ಕೂ ಆ ಪಡಸಾಲ್ಯಾಗ ಲಗ್ನ ಆತು. ಅಕ್ಷತಿ ಬಿದ್ದದ್ದು ಹುಡುಗಿ ತಲಿ ಮ್ಯಾಲ.

ದೀಪಾವಳಿ ಆದ ಮ್ಯಾಲ ಧನಶ್ರೀ ಸೊರಗಾಕ ಹತ್ತಿದಳು. ಗಲ್ಲ ಒಳಗ ಹೋದುವು, ಮೈ ಮ್ಯಾಲಿನ ಡ್ರೆಸ್ಸು ಗೂಟಕ್ಕ ಹಾಕಿದಂಗ ಕಾಣತಿತ್ತು. ರಾಯರು ಖುಷಿ. ಮಗಳು ಬೊಜ್ಜು ಇಳಿಸ್ಯಾಳ, ಶಿಸ್ತು ಬಂದದ ಅಂತ ಅಂಗಡಿಗೆ ಬಂದವರಿಗೆಲ್ಲಾ ಹೇಳಾವರು. ಮಾಳಿಗಿ ಮ್ಯಾಲ ಓದೂದು ನಿಂತಿತು. ಮೆಟ್ಟಿಲು ಹತ್ತಾಕ ಆಗತಿದ್ದಿಲ್ಲ ಹುಡುಗಿಗೆ. ಆದರ "ಆಗೂದಿಲ್ಲ" ಅನ್ನೂ ಹಂಗಿಲ್ಲಲ್ಲ, ಕೆಳಗ ಥಂಡಿ ಕಡಿಮಿ ಅಂತ ಹೇಳತಿತ್ತು ಪಾಪ. ಮುಂಗೈ ಮ್ಯಾಲ ರಬ್ಬರಿನ ಕೆಂಪು ಗೆರಿ ನಾನ ಕಂಡೇನಿ.

ಒಂದಿನ ದೀಪಾಲಿ ನಮ್ಮನಿಗೆ ಕೊತ್ತಂಬರಿ ಕೇಳೂ ನೆವದಾಗ ಬಂದಳು. ಸೆರಗಿನಾಗ ಬಾಯಿ ಮುಚ್ಚಿಕೊಂಡು ಅಂದಳು, "ಕಾಕಾ, ಹುಡುಗಿ ಕೊಡಗಟ್ಲೆ ನೀರು ಕುಡೀಲಿಕತ್ತಾಳ. ಘಳಿಗಿ ಘಳಿಗಿಗೂ ಬಚ್ಚಲಕ್ಕ ಹೋಗತಾಳ. ಅಲ್ಲೆ ಇರಿವಿ ಮುತ್ತಲಿಕತ್ತಾವ."

"ದವಾಖಾನಿಗೆ ಕರಕೊಂಡು ಹೋಗವ್ವಾ."

"ತಪಾಸ ಮಾಡಿಸಿದರ ರೋಗ ಕರದು ಮನಿಗೆ ತಂದಂಗ ಅಂತಾರ ಕಾಕಾ, ಇಬ್ಬರೂ."

ಅವತ್ತ ಸಂಜೀಕ ನಾ ಅವರ ಪಡಸಾಲ್ಯಾಗ ಹೋಗಿ ಕುಂತೆ. ರಾಯರ, ಬಸ್ಸಿನ ಇಂಜಿನ್ ಕಾದರ ಮೀಟರಿನ ಮುಳ್ಳು ಕೆಂಪಿಗೆ ಹೋಗತೈತಿ. ನಾನು ಆ ಮುಳ್ಳಿನ ಮ್ಯಾಲ ಅರಿವಿ ಮುಚ್ಚಿ ಹುಬ್ಬಳ್ಳಿತನಾ ಓಡಸಲೇನು? ಹಂಗಂತ ಕೇಳಿದೆ. ದೇಹ ಬಸ್ಸಲ್ಲ ಕಾಕಾ, ಮನಸ್ಸು ಹೇಳಿದಂಗ ಕೇಳತದ, ಅಂದರು. ಅನಸೂಯಾಬಾಯಿ ನಡಕ ಬಾಯಿ ಹಾಕಿದಳು.

"ಮಾಲತೇಶಪ್ಪ, ದೀಪ ಹಚ್ಚೂ ಹೊತ್ತಿನ್ಯಾಗ ಬಂದು ರೋಗ ರೋಗ ಅನ್ನಬ್ಯಾಡ. ನಮ್ಮ ಕೂಸಿಗೆ ಏನೂ ಆಗಿಲ್ಲ."

"ಬಾಯಿಗೆ ಬೀಗ ಹಾಕಿದರ ರೋಗ ಹೊರಗ ಉಳೀತೈತೇನ್ರಿ, ಅವ್ವಾರ? ರೋಗದ ಕೂಡ ಹುಡುಗಿ ಒಂದ ಒಳಗ ಉಳೀತೈತಿ."

ಚಾ ಸಹಿತ ಕೇಳಲಿಲ್ಲ ಅವತ್ತ.

ಮುಂದ ಸ್ವಲ್ಪ ದಿನಕ್ಕ, ಮುಂಜಾನೆ ಎಂದಿನಂಗ ಕನ್ನಡಿ ಮುಂದ ಒದರೂದು ಕೇಳಾಕತ್ತಿತ್ತು. ಅದರಾಗ ಹುಡುಗಿ ದನಿ ಸಣ್ಣಗ ಎಳೀತಿತ್ತು, ನಾ ಆರಾಮ ಇದ್ದೀನಿ, ನಾ ಆರಾಮ, ಅಂತ. ಆಮ್ಯಾಲ ದೀಪಾಲಿ ಚೀರಿದ್ದು ಕೇಳತು. ನಾ ಓಡಿದೆ. ಧನಶ್ರೀ ಕನ್ನಡಿ ಕೆಳಗ ಬಿದ್ದಿತ್ತು. ಉಸಿರು ಉದ್ದುದ್ದ ಎಳೀತಿತ್ತು, ಬಾಯಿಂದ ಕೊಳತ ಹಣ್ಣಿನ ವಾಸನಿ. ರಾಯರು ಮಗಳ ತಲಿ ತೊಡಿ ಮ್ಯಾಲ ಇಟಗೊಂಡು, "ಏಳು ಪುಟ್ಟಿ, ನೀ ಆರಾಮ ಇದ್ದಿ, ಅನ್ನು, ಆರಾಮ ಇದ್ದೀನಿ ಅನ್ನು" ಅನ್ನಾಕತ್ತಿದ್ದರು. ನಾ ಅವರನ್ನ ಬಾಜೂಕ ದಬ್ಬಿದೆ. ನಮ್ಮ ಓಣಿ ಮುಸ್ತಾಕ್‌ನ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದಿವಿ. ದೀಪಾಲಿ ಹಾದಿತುಂಬಾ ಒಂದ ಮಾತು, ನಂಗ ಗೊತ್ತಿತ್ತು, ನಂಗ ಗೊತ್ತಿತ್ತು.

ಸಕ್ಕರಿ ರೋಗ. ಸಣ್ಣ ಹುಡುಗರಿಗೆ ಬರೂವಂಥಾದ್ದು. ಮೈಯಾಗ ಇನ್ಸುಲಿನ್ನ ಹುಟ್ಟೂದಿಲ್ಲ, ಹೊರಗಿಂದ ಸೂಜೀಲೆ ಕೊಡಬೇಕು, ಜೀವ ಇರೂತನಾ. ಡಾಕ್ಟರಮ್ಮ ಹಲ್ಲು ಕಡದು ಕೇಳಿದಳು, ತಿಂಗಳಗಟ್ಲೆ ಹುಡುಗಿ ಒಣಗಾಕತ್ತೈತಿ, ಮನ್ಯಾಗ ಯಾರಿಗೂ ಕಣ್ಣಿಲ್ಲೇನು? ಇನ್ನ ಸ್ವಲ್ಪ ತಡಾ ಆಗಿದ್ದರ ಹೆಣ ಒಯ್ತಿದ್ದಿರಿ ಅಂದಳು. ಆ ಮಾತಿಗೆ ಅನಸೂಯಾಬಾಯಿ ತನ್ನ ಮುಂಗೈ ನೋಡಿಕೊಂಡಳು. ಬಳಿ ನಡಕಿನ ರಬ್ಬರ್ ಬ್ಯಾಂಡ್ ಕಿತ್ತು ಕಸದ ಬುಟ್ಟಿಗೆ ಒಗದಳು.

ಹುಡುಗಿ ಉಳೀತು. ಮನಿಗೆ ಬಂತು. ತನ್ನ ಸೂಜಿ ತಾನ ಮಾಡಿಕೊಳ್ಳೂದು ಕಲೀತು. ಕಥಿ ಇಲ್ಲಿಗೆ ಮುಗದಿದ್ದರ ನಾ ಇಷ್ಟು ಉರದು ಮಾತಾಡತಿದ್ದಿಲ್ಲ.

ಋಷಿಕೇಶನ ಫೋನ್ ಬಂತು ರಾಯರಿಗೆ. ಮಗಳನ್ನ ಹಾವೇರಿ ಶಿಬಿರಕ್ಕ ಕರಕೊಂಡು ಬರ್ರಿ, ಸಾವು ಗೆದ್ದಾಕಿ ಅಂತ ಎಲ್ಲಾರ ಮುಂದ ನಿಲ್ಲಸೋಣ, ಇನ್ನ ಸೂಜಿ ಬಿಡತೇನಿ, ಮನಸ್ಸಿನಿಂದನ ವಾಸಿ ಆಗತೇನಿ ಅಂತ ಸಂಕಲ್ಪ ಮಾಡಲಿ, ಅಂದನಂತ. ನಿಮಗ ಅನ್ನಿಸಬಹುದು, ಯಾವ ತಂದಿ ಹೂಂ ಅಂತಾನ ಅಂತ. ರಾಯರು ಹೂಂ ಅಂದರು. ತಾನು ನಂಬಿದ್ದು ಸುಳ್ಳು ಅಂತ ಒಪ್ಪಿಕೊಂಡರ, ಮಗಳನ್ನ ಆ ಸ್ಥಿತಿಗೆ ತಂದಾಂವ ತಾನ ಅಂತ ಒಪ್ಪಿಕೋಬೇಕಾಗತೈತಲ್ಲ. ಅದಕ್ಕಿಂತ ಸೂಜಿ ಬಿಡಿಸೂದು ಹಗರ ಅನ್ನಿಸಿತು ಆ ಮನಷ್ಯಾಗ. ಸೂಜಿ ಬಿಟ್ಟರ ಹುಡುಗಿ ಸಾಯತಾಳ ಅಂತ ಡಾಕ್ಟರಮ್ಮ ಅಂದದ್ದು ಕಿವಿಯಾಗ ಇದ್ದರೂ.

ರಾಯರು ತಾಯಿ, ಹೆಂಡತಿ, ಮಗಳು ಮೂವರನ್ನೂ ಕರಕೊಂಡು ಹಾವೇರಿಗೆ ಹೊಂಟರು, ನಾನೂ ಬೆನ್ನು ಹತ್ತಿದೆ. ತಡ್ಯಾಕ ಆಗದಿದ್ದರ ಸ್ಟೇಜ್ ಹತ್ತಿ ಆ ಕೋಟಿನಾಂವನ ಕಾಲರ್ ಹಿಡೀಬೇಕು ಅಂತನ ಹೋಗಿದ್ದೆ.

ಮಂಟಪ ತುಂಬಿತ್ತು. ಋಷಿಕೇಶ ಧನಶ್ರೀ ಹೆಗಲ ಮ್ಯಾಲ ಕೈ ಇಟ್ಟು ಏನೇನೋ ವರ್ಣಿಸಿ, ಚಪ್ಪಾಳಿ ಹೊಡಸಿ, ಮೈಕ್ ಕೈಯಾಗ ಕೊಟ್ಟ. ಹೇಳಮ್ಮಾ, ಈಗ ಹೆಂಗಿದ್ದಿ, ಅಂದ. ಹುಡುಗಿ ಮೊದಲ ಅವನ ಕೈ ಹೆಗಲಿಂದ ತಗೀತು.

"ನನಗ ಆರಾಮ ಇಲ್ಲರಿ" ಅಂತು.

ಚಪ್ಪಾಳಿ ನಿಂತುವು.

"ಮೊದಲನೂ ಆರಾಮ ಇದ್ದಿದ್ದಿಲ್ಲ. ಹೇಳಲಿಕ್ಕೆ ಬಿಡಲಿಲ್ಲ. ಹೇಳಿದ್ದರ ಅವಾಗನ ಸೂಜಿ ಕೊಡತಿದ್ದರು, ನಾ ಸಾಯೂ ಹಂಗ ಆಗತಿದ್ದಿಲ್ಲ. ಇದು ಸಂಕಲ್ಪದಿಂದ ಹೋಗೂದಲ್ಲ."

ಋಷಿಕೇಶ ನಕ್ಕೋತ ಮೈಕಿಗೆ ಕೈ ಹಾಕಿದ, ನೋಡ್ರಿ, ಇನ್ನೂ ಭಯ ಐತಿ, ನಂಬಿಕಿ ಸಾಲವಲ್ದು ಅಂದ. ಅಷ್ಟರಾಗ ನಡಕಿನ ಸಾಲಿನಿಂದ ಒಬ್ಬಾಕಿ ಎದ್ದು ನಿಂತಳು. ಬ್ಯಾಡಗಿ ಶಬನಮ್ ಅಂತ ಆಮ್ಯಾಲ ತಿಳೀತು, ಮೆಣಸಿನಕಾಯಿ ವ್ಯಾಪಾರದಾಕಿ. "ನನಗೂ ಆರಾಮ ಇಲ್ಲರಿ. ಘಾಟಿಗೆ ದಮ್ಮು ಹಿಡದೈತಿ. ನೀವು ಬಿಡು ಅಂದ್ರಿ ಅಂತ ಔಷಧದ ಪಂಪು ಮನ್ಯಾಗ ಇಟ್ಟು ಬಂದೇನಿ. ಈ ಹುಡುಗಿನ್ನ ನೋಡಿ ಹೆದರಿಕಿ ಆಗಾಕತ್ತೈತಿ" ಅಂತ ಹೇಳಿ, ಪರ್ಸ್ ಬಗಲಾಗ ಹಿಡಕೊಂಡು ಬಾಗಲಾ ಕಡೆ ನಡದ ಬಿಟ್ಟಳು. ಮಂದಿ ಒಬ್ಬರ ಮಾರಿ ಒಬ್ಬರು ನೋಡಾಕತ್ತರು.

ರಾಯರು ಮೊದಲನೇ ಸಾಲಿನಿಂದ ಎದ್ದರು. "ಧನು, ನಾ ಏನು ಹೇಳಿ ಕರಕೊಂಡು ಬಂದಿದ್ದೆ?"

"ಸೂಜಿ ಬಿಡು ಅಂತ ಹೇಳಿದ್ದಿರಿ, ಅಪ್ಪಾ. ನಾ ಬಿಡೂದಿಲ್ಲ."

ಹಿಂದ ಅಡಗಿ ಮನಿಯಿಂದ ಸಾರಿನ ವಾಸನಿ ಬರಾಕತ್ತಿತ್ತು. ಹುಡುಗಿ ಸ್ಟೇಜಿನ ಕುರ್ಚಿ ಮ್ಯಾಲ ಕುಂತು ಬ್ಯಾಗಿನಿಂದ ತನ್ನ ಸೂಜಿ ಪೆನ್ನು ತಗೀತು. ಊಟದ ಹೊತ್ತಾತು, ಮಾಡಿಕೋಬೇಕು ಅಂತು. ಎಲ್ಲಾರ ಮುಂದ ಮಾಡಿಕೊಂತು. ಆಮ್ಯಾಲ ಮೈಕ್ ಎತ್ತಿ, ಅಪ್ಪನ ಕಡೆ ಅಲ್ಲ, ಅಜ್ಜಿ ಕಡೆ ತಿರಗಿ ಅಂತು:

"ಇದನ್ನ ದಿನಾ ಮಾಡಕೋತೀನಿ. ಮಾಡಕೋತನ ಓದತೀನಿ, ನೌಕರಿ ಹಿಡೀತೀನಿ. ನಿನ್ನಂಗ ಮುದುಕಿ ಆಗತೀನಿ, ಅಜ್ಜಿ."

ಅನಸೂಯಾಬಾಯಿ ಮಗನ ತೋಳು ಹಿಡದು ಕೆಳಗ ಕುಂದರಿಸಿದಳು. ತಾನು ಎದ್ದು ನಿಂತಳು. ದವಾಖಾನಿಯಿಂದ ಬಂದಾಗಿಂದ ಆಕಿ ಜೋರ ಮಾತಾಡಿದ್ದು ನಾ ಕೇಳಿದ್ದಿಲ್ಲ. ಆ ಮಂಟಪ ಪೂರಾ ಕೇಳೂ ಹಂಗ ಅಂದಳು:

"ತಥಾಸ್ತು."