ಮಾತು ಮುಗಿದ ಲೈನು

ತಿಳವಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೊರಗಿನ ಲೈನು ಒಂದೇ. ಬೋರ್ಡಿನ ಮುಂದೆ ಕೂರುವವನೂ ಒಬ್ಬನೇ, ನೀಲಪ್ಪ. ಮೂರು ನಿಮಿಷಕ್ಕೊಮ್ಮೆ ಮುಗಿಯಿತೇ ಎಂದು ಕೇಳಿ ಪ್ಲಗ್ಗು ಕೀಳಬೇಕೆಂಬುದು ನಿಯಮ. ಈ ಪುಣ್ಯಾತ್ಮ ಮಾತ್ರ, ಮಾತಾಡುವವರು ತಾವಾಗಿ ಫೋನ್ ಇಡುವ ತನಕ ಕೀಳುತ್ತಿರಲಿಲ್ಲ. ಊರೆಲ್ಲ ಹೊಗಳಿತು, ಇವನು ಉಬ್ಬಿದ.

ಸವಣೂರಿನ ಆಪರೇಟರ್ ಬಾಬಾಜಾನ ಎಚ್ಚರಿಸಿದ್ದ. "ನೀಲಪ್ಪಣ್ಣಾ, ಯಾರರ ಒಬ್ರು ಫೋನ್ ಇಡದ ಕುಂತ್ರ ಇಡೀ ಊರು ಮೂಕ ಅಕ್ಕೈತಿ ನೋಡು."

"ಹಂಗ ಯಾರ್ ಕುಂದರ್ತಾರೋ ಮಾರಾಯಾ!" ಎಂದು ನೀಲಪ್ಪ ನಕ್ಕಿದ್ದ.

ಎಂಬತ್ತೊಂದರ ಮಾತು. ಹೆಂಡತಿ ಮಂಜವ್ವ ಮುನಿಸಿಕೊಂಡು ಸವಣೂರಿನ ತವರಿಗೆ ಹೋಗಿ ಏಳು ತಿಂಗಳಾಗಿತ್ತು. ಊರಿನ ಮಾತೆಲ್ಲ ನೀಲಪ್ಪನ ಕಿವಿಯಲ್ಲಿ. ಮನೆಗೆ ಹೋದರೆ ಉಂಡ್ಯಾ ಅನ್ನುವವರಿಲ್ಲ. ಆಕೆ ಕಾಗದ ಬರೆಸಿದ್ದಳು: "ಶುಕ್ರವಾರ ನಾಕಕ್ಕ ಫೋನ್ ಮಾಡ್ತೇನಿ. ಬಾ ಅಂದ್ರ ಬರ್ತೇನಿ. ಇಲ್ಲಂದ್ರ ಐದರ ಬಸ್ಸಿಗೆ ಅಣ್ಣನ ಜೋಡಿ ಇಚಲಕರಂಜಿ ಮಿಲ್ಲಿನ ಕೆಲಸಕ್ಕ ಹೊಕ್ಕೇನಿ." ಬಾ ಎನ್ನಲು ಅವನು ವಾರವಿಡೀ ತುದಿಗಾಲಲ್ಲಿದ್ದ.

ಆ ಶುಕ್ರವಾರ ಮೂರೂವರೆಗೆ ಬಸವಣ್ಣೆಪ್ಪ ಸಾವ್ಕಾರರು ಹಿರೇಕೆರೂರಿನಲ್ಲಿದ್ದ ಮಗಳು ಮಹಾದೇವಕ್ಕನಿಗೆ ಲೈನು ಹಚ್ಚಿಸಿದರು. ನಾಲ್ಕಾಯಿತು. ನೀಲಪ್ಪ ಕಿವಿಗೊಟ್ಟ. ಮಾತೇ ಇಲ್ಲ, ಎರಡೂ ಕಡೆ ಬರೀ ಉಸಿರು.

"ಸಾವ್ಕಾರ್ರ, ಮುಗೀತೇನ್ರಿ?"

"ಮುಗದು ಬಾಳ ಹೊತ್ತಾತೋ ತಮ್ಮಾ. ಆಕಿ ಫೋನ್ ಇಡ್ಲಿ ಅಂತ ಕುಂತೇನಿ. ಹೆಣ್ಮಗಳನ್ನ ನಾವಾಗಿ ಸಾಗಹಾಕಬಾರ್ದು."

"ಅಪ್ಪ ಇಡ್ಲಿ ತಡೀರಿ," ಎಂದಳು ಮಗಳು. "ಹಿರ್ಯಾರ್ಗಿಂತ ಮೊದ್ಲ ನಾ ಹೆಂಗ ಇಡ್ಲಿ?"

ಎಂಥ ಪೀಕಲಾಟ! ಕಿತ್ತರೆ ಕ್ಷಣದ ಕೆಲಸ. ಆದರೆ ಊರವರಿಗಾಗಿ ಒಮ್ಮೆಯೂ ಕೀಳದವನು ಹೆಂಡತಿಗಾಗಿ ಕಿತ್ತನೆಂದರೆ ಜನ ಏನಂದಾರು? ಮರ್ಯಾದೆಗೆ ಅಂಜಿ ಕೂತ, ಹುಚ್ಚ. ಐದು ಹೊಡೆಯುವಾಗ ಕಣ್ಣು ಮುಚ್ಚಿ ಕಿತ್ತ.

ಹಾನಗಲ್ಲಿನ ಎಕ್ಸ್‌ಚೇಂಜ್ ದಾಟಿ ಸವಣೂರಿನ ಲೈನು ಸಿಗುವಷ್ಟರಲ್ಲಿ ಐದೂ ಹತ್ತು.

"ಬಾಬಾಜಾನ, ಮಂಜವ್ವ ಅಲ್ಲೇ ಅದಾಳೇನೋ?"

"ಈಗ ಹೋದ್ಲಣ್ಣಾ. ನಾಕು ಸಲ ಹಚ್ಚಿದೆ, ಹಾನಗಲ್ಲಿನವ್ರು ಲೈನ್ ಖಾಲಿ ಇಲ್ಲಂದ್ರು."

"ಆಕಿ ಏನಂದ್ಲು?"

ಬಾಬಾಜಾನ ತಡೆದು ತಡೆದು ಹೇಳಿದ. "'ಲೈನ್ ಅವನ ಕೈಯಾಗ ಐತಿ. ಖಾಲಿ ಇಲ್ಲ ಅಂತ ಅವನೇ ಹೇಳಿಸ್ಯಾನ. ನನಗ ತಿಳೀತು ಬಿಡು' ಅಂದ್ಲು. ಬಸ್ ಹತ್ತಿದ್ಲು."

ಆಮೇಲೆ ರಾತ್ರಿಯ ತನಕ ಯಾರೂ ಫೋನ್ ಮಾಡಲಿಲ್ಲ. ಲೈನು ಖಾಲಿಯೇ ಇತ್ತು. ಯಾರಿಗೆ ಹಚ್ಚಬೇಕೆಂದು ನೀಲಪ್ಪನಿಗೆ ತಿಳಿಯಲಿಲ್ಲ.